ತಣ್ಣನೆ ಕೈ

ಮಂಗಳವಾರ ನಾಲ್ಕು ಗಂಟೆಗೆ
ವೃತ್ತಿಪರತೆಯ ಮೇಲೆ ಕ್ಲಾಸು.
ನಾನು ಮೂವರಿಗೆ ಪ್ರಾಕ್ಸಿ ಹೇಳಿದೆ,
ಒಮ್ಮೆ ದಪ್ಪ ದನಿಯಲ್ಲಿ, ಒಮ್ಮೆ ಮೂಗಿನಲ್ಲಿ,
ಒಮ್ಮೆ ಕೆಮ್ಮುತ್ತ.
ಪರದೆಯ ಮೇಲೆ ಆಗಲೇ ಬಂದಿತ್ತು ಮೊದಲ ಸಾಲು:
ಪ್ರಾಮಾಣಿಕತೆ.

ಎರಡನೆಯದು ಸಮಯಪಾಲನೆ, ಮೂರನೆಯದು ಉಡುಪು.
ಉಡುಪು ನಮಗೆ ಹೇಳಿಕೊಡಬೇಕಿಲ್ಲ.
ದುರ್ಗಿಗುಡಿಯಲ್ಲಿ ಹೊಲಿಸಿದ ಏಪ್ರನ್ನು
ಮೊದಲ ವರ್ಷವೆಲ್ಲ ಬಜ್ಜಿ ಅಂಗಡಿಗೂ
ಬಿಚ್ಚದೆ ಹಾಕಿಕೊಂಡು ಹೋದವರು,
ಸ್ಟೆತಸ್ಕೋಪು ಹೊಸ ಮದುಮಗಳ ಸರದ ಹಾಗೆ
ಎಲ್ಲರಿಗೂ ಕಾಣುವಂತೆ.
"ಒಬ್ಬ ಆಟೋದವನು ಡಾಕ್ಟ್ರೇ ಅಂತ ಕರೆದರೆ ಸಾಕು,
ಪಾಸಾದಂಗೆ ಕಣೋ" ಅಂದಿದ್ದ ತುಷಾರ.

ಮೆಗ್ಗಾನಿನ ಹೆಂಗಸರ ವಾರ್ಡು, ಮಾರ್ಚಿ.
ಹನ್ನೊಂದನೆಯ ಮಂಚದಲ್ಲಿ
ಒಳ್ಳೆಯ ಗುಲ್ಮ ಸಿಕ್ಕಿದೆ ಎಂದು ಸುದ್ದಿ.
ಒಳ್ಳೆಯ ಗುಲ್ಮ ಎಂದರೆ ಊದಿದ್ದು,
ಬೆರಳಿಗೆ ಸಿಗುವಂಥದ್ದು,
ಪರೀಕ್ಷೆಗೆ ಬಂದರೆ ಪುಣ್ಯ ಎನ್ನುವಂಥದ್ದು.
ಒಂಬತ್ತು ಜನ ಸಾಲು ನಿಂತೆವು.
ಎಡ ಪಕ್ಕೆಯ ಕೆಳಗೆ ಒತ್ತುವುದು,
"ಉಸಿರು ತಗೊಳ್ಳಿ" ಅನ್ನುವುದು,
"ಎರಡು ಬೆರಳು ಸರ್" ಅನ್ನುವುದು,
ಲಾಗ್‌ಬುಕ್ಕಿಗೆ ಸಹಿ.
ಆಕೆ ಒಂಬತ್ತು ಸಲ ಉಸಿರು ತೆಗೆದುಕೊಂಡಳು.
ಏಳನೆಯದಕ್ಕೆ ಕಣ್ಣು ಮುಚ್ಚಿದ್ದಳು.

ಒಂಬತ್ತನೆಯವ ನಾನು.
"ನೋವಾಗಲ್ಲ" ಅಂದೆ, ಪ್ರಾಕ್ಸಿಯ ದನಿಯಲ್ಲೇ.
ಒತ್ತಿದೆ. ಎರಡು ಬೆರಳು.
ಆಕೆ ಅಂದದ್ದು ಇಷ್ಟೇ:
"ನಿನ್ ಕೈ ತಣ್ಣಗೈತಲ ತಮಾ."

ಸುತ್ತ ತೆರೆ ಎಳೆದಿರಲಿಲ್ಲ ಎಂದು ಹೊಳೆದದ್ದು
ಕಾರಿಡಾರಿಗೆ ಬಂದ ಮೇಲೆ.
ತಿರುಗಿದರೆ ಆಯಾ ಲೂರ್ದಮ್ಮ
ಅವಳ ಸೆರಗು ಸರಿಮಾಡಿ ಹೊದಿಕೆ ಎಳೆಯುತ್ತಿದ್ದಳು,
ಯಾರ ಸಹಿಯೂ ಬೇಕಿಲ್ಲದೆ.

ಹತ್ತು ದಿನ ಕಳೆದು ಬಸ್ ಸ್ಟ್ಯಾಂಡಿನಲ್ಲಿ ಕೂಗು:
"ಓ ತಣ್ಣನೆ ಕೈ ಡಾಕ್ಟ್ರೇ!"
ಕಾದಿದ್ದ ಪದ, ಬಂತು ಹೀಗೆ.
ಸಾಗರದ ಬಸ್ಸು ಯಾವುದೆಂದು ಕೇಳಿದಳು.
ಮಂಗನ ಕಾಯಿಲೆಯಂತೆ,
ದರಗು ಗುಡಿಸಲು ಕಾಡಿಗೆ ಹೋಗಿದ್ದಳಂತೆ,
ಹೋಗಬೇಡ ಎಂದಿದ್ದರಂತೆ,
ಕೊಟ್ಟಿಗೆಯ ದನಕ್ಕೆ ಅದು ತಿಳಿಯದಲ್ಲ ಅಂತೆ.
ಇಷ್ಟೊಂದು ಮಾತು ಆ ಎರಡು ಬೆರಳಿನಲ್ಲಿತ್ತೆ?
ಹೆಸರು ಕೇಳಿದೆ.
"ನೀವೇ ಬರ್ಕಂಡಿದ್ರಲ" ಎಂದು ನಕ್ಕಳು.
ನಾನು ಬರೆದುಕೊಂಡದ್ದು: ನಲವತ್ತೈದು, ಹೆಣ್ಣು.
ಅವಳು ಮುಂದೆ ಹಿಡಿದ ಚೀಟಿಯಲ್ಲಿತ್ತು: ಗುತ್ಯಮ್ಮ.
ಬೆಳಗಿನ ಮಾತ್ರೆ ಇದು, ರಾತ್ರಿಯದು ಇದು,
ಎರಡು ಸಲ ಹೇಳಿ, ಅವಳಿಂದ ಒಮ್ಮೆ ಹೇಳಿಸಿ
ಬಸ್ಸು ಹತ್ತಿಸಿದೆ.
ಏಪ್ರನ್ನು ಹಾಸ್ಟೆಲ್ಲಿನಲ್ಲಿ ಒಣಗುತ್ತಿತ್ತು.

ಪ್ರಾಕ್ಸಿ ಈಗಲೂ ಹೇಳುತ್ತೇನೆ.
ಇಬ್ಬರಿಗೆ ಮಾತ್ರ.

ಪರೀಕ್ಷೆಯಲ್ಲಿ ಬಂತು: ವೃತ್ತಿಪರತೆ ಎಂದರೇನು?
ಐದು ಅಂಕ. ಐದೂ ಸಾಲು ಬಾಯಿಪಾಠ, ಬರೆದೆ.
ಪ್ರಾಕ್ಟಿಕಲ್ಲಿನ ದಿನ ಮಂಚದ ಮೇಲೆ
ಭದ್ರಾವತಿಯ ಒಬ್ಬ ಮುದುಕ.
ಹೆಸರು ಕೇಳುತ್ತ, ಊರು ಕೇಳುತ್ತ
ಎರಡೂ ಅಂಗೈ ಉಜ್ಜಿಕೊಂಡು ನಿಂತೆ.
ಹೊರಗೆ ಮೂವತ್ತೆಂಟು ಡಿಗ್ರಿ ಬಿಸಿಲು.
ಪರೀಕ್ಷಕರು ಗಡಿಯಾರ ನೋಡಿ, ನನ್ನನ್ನು ನೋಡಿ,
"ಏನಯ್ಯ, ಚಳೀನಾ?" ಅಂದರು.