ಹತ್ತು ಎಂ.ಎಲ್. ಪಾಲಯ್ಯ

ರಾತ್ರಿ ಒಂಬತ್ತಕ್ಕೆ ಜೆಲ್ಲು ಹೆಪ್ಪುಗಟ್ಟಿತು.
ಒಂದು ತಟ್ಟೆಯಲ್ಲಿ ಗಿಣ್ಣಿನಷ್ಟು ಮೆದು,
ಇನ್ನೊಂದರಲ್ಲಿ ಮೂಗಿನ ತುದಿಯಷ್ಟು ಬಿಗಿ,
ಮೂರನೆಯದು ಬರೀ ಗಾಜು.
ದಾವಣಗೆರೆಯ ಸೆಕೆ ಕಿಟಕಿಗೆ ಆತು ನಿಂತಿತ್ತು.

ರಕ್ತ ಕೊಟ್ಟವನು ಪಾಲಯ್ಯ, ನಮ್ಮ ಅಟೆಂಡರ್,
ದುರ್ಗದ ಬಂಡೆಗಳ ಬುಡದಲ್ಲಿ ಹುಟ್ಟಿದವನು.
"ಹತ್ತು ಎಂ.ಎಲ್. ಸಾಕೇನ್ರಿ ಮೇಡಂ? ಇನ್ನೂ ಐತೆ."

ಕೆಂಪನ್ನೆಲ್ಲ ತಳಕ್ಕಿಳಿಸಿ
ಬಿಳಿಯವನ್ನಷ್ಟೇ ಹೆಕ್ಕಿ ಬಿಟ್ಟೆ.
ಹತ್ತು ಸೆಕೆಂಡಿಗೊಂದು ಚಿತ್ರ.

ಮೆದುವಿನ ಮೇಲೆ ಅವು ಗುಂಡಗೆ, ಚುರುಕು,
ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು,
ಸಂತೆಗೆ ಬಂದು ಚೀಟಿ ಮರೆತವರ ಹಾಗೆ.
ಗಟ್ಟಿಯ ಮೇಲೆ
ಮೈಯನ್ನೇ ಚಪ್ಪಟೆ ಹಾಸಿ
ಅಂಗಾಲಿಡೀ ಊರಿ
ನಿಧಾನ,
ತೀರಾ ನಿಧಾನ,
ಹಿಡಿದ ದಾರಿ ಮಾತ್ರ ಬಿಡದೆ.
ಗಂಟೆಯ ಕೊನೆಗೆ ಗೆರೆ ಎಳೆದು ನೋಡಿದರೆ
ದೂರ ಮುಟ್ಟಿದ್ದು ನಿಧಾನದವೇ.

ಕಣ್ಣಿಲ್ಲ ಅವಕ್ಕೆ. ನೆಲವನ್ನು ಹಿಡಿದು ಜಗ್ಗುತ್ತವೆ.
ನೆಲ ಎಷ್ಟು ಬಗ್ಗಿತು, ಎಷ್ಟು ಬಗ್ಗಲಿಲ್ಲ,
ನೆಲದ ಬಗ್ಗೆ ಅವಕ್ಕಿರುವ ಸುದ್ದಿ ಅಷ್ಟೇ.

ಪಾಲಯ್ಯನನ್ನು ಕರೆದು ತೋರಿಸಿದೆ.
"ಇದ್ರಾಗೇನೈತೆ ಮೇಡಂ,
ಮಂಡಕ್ಕಿ ರಾಶಿ ಮೇಲೆ ಓಡಿ ನೋಡ್ರಿ,
ಮೊಣಕಾಲಮಟ ಹೂತು ಅಲ್ಲೇ ಇರ್ತೀರಿ.
ಬಂಡೆ ಆದ್ರೆ ಎಲ್ಲಿ ಇಡಬೇಕಂತ ಕಾಲೇ ಹೇಳ್ತೈತೆ."
ನಕ್ಕ. ಮತ್ತೆ ಬಾಗಿ ನೋಡಿದ,
ಜಾತ್ರೆಗೆ ಬಿಟ್ಟ ಸ್ವಂತ ಕುರಿಗಳನ್ನು ಎಣಿಸುವಂತೆ.

ಆಮೇಲೆ, ಕಣ್ಣು ತೆಗೆಯದೆಯೇ:
"ಓಬಮ್ಮನ ಎದೆ ಒಳಗೆ ಗಟ್ಟಿ ಆಗೈತಂತೆ.
ಫೋಟೋದಾಗೆ ಬೆಳ್ಳಗೆ ಬಲೆ ಬಲೆ.
ಹದಿನೇಳು ವರ್ಷ ಭಟ್ಟಿ ಮುಂದೆ ಕುಂತಾಳೆ,
ಟೈರು ಸುಟ್ಟ ಹೊಗೆ.
ಅಲ್ಲಿ ಇವು ಹೆಂಗೆ ನಡೀತಾವೆ?
ನೆಟ್ಟಗೆ ಹೋದ್ರೆ ಒಳ್ಳೇದಾ, ಕೆಟ್ಟದ್ದಾ?"

ನನ್ನ ನೋಟ್‌ಬುಕ್ಕಿನಲ್ಲಿ ಇರುವುದು
ಕಿಲೋಪ್ಯಾಸ್ಕಲ್, ಮೈಕ್ರಾನ್, ನಿಮಿಷ.
ಮೂರು ತಟ್ಟೆಯಲ್ಲಿ ಯಾವುದೂ ಓಬಮ್ಮನ ಎದೆಯಲ್ಲ.
"ಗೊತ್ತಿಲ್ಲ ಪಾಲಯ್ಯ" ಅಂದೆ.
"ಆಯ್ತು ಬಿಡ್ರಿ" ಅಂದ,
ಮುರಿದ ಬಲ್ಬನ್ನು ನಾಳೆ ಬದಲಿಸೋಣ ಎನ್ನುವ ದನಿಯಲ್ಲಿ.
ತೋಳಿನ ಹತ್ತಿಯನ್ನು ಬುಟ್ಟಿಗೆ ಹಾಕಿ,
ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿ
ಇಳಿದ. ಗೇಟಿನ ತನಕ ರಬ್ಬರಿನ ಸದ್ದು.

ಅವನವು ಗಾಜಿನ ಮೇಲೆ ಇನ್ನೂ ನಡೆಯುತ್ತಿದ್ದವು,
ಒಡೆಯ ಕೊನೆಯ ಬಸ್ಸು ಹಿಡಿದದ್ದು ತಿಳಿಯದೆ.
ನಾನು ಜೆಲ್ಲಿನ ಪುಡಿಯ ಡಬ್ಬ ತೆರೆದೆ.
ನಾಲ್ಕನೆಯ ತಟ್ಟೆ ತೊಳೆದೆ.
ಎಷ್ಟು ಗಟ್ಟಿ ಮಾಡಲಿ?
ತಕ್ಕಡಿಯ ಮುಂದೆ ಚಮಚ ಹಿಡಿದು
ಬಹಳ ಹೊತ್ತು ನಿಂತಿದ್ದೆ.