ಕಾಲಂ ಹನ್ನೊಂದು

ರಿಜಿಸ್ಟರಿನ ಹನ್ನೊಂದನೇ ಕಾಲಂ
ನನ್ನ ಬೆರಳಿಗಿಂತ ಕಿರಿದು.
ಬರೀ ಎದೆಹಾಲು: ಹೌದು / ಇಲ್ಲ.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ,
ಜೈತುನಳ ಕೂಸಿಗೆ ಇವತ್ತು ಮೂವತ್ತೆಂಟನೇ ದಿನ.
ಇಲ್ಲ, ಅಂತ ಬರೆದೆ.
ಎರಡೇ ಅಕ್ಷರ. ಪೆನ್ನು ಎತ್ತಲಾಗಲಿಲ್ಲ.

ಯಾವತ್ತು ಬಿಡಿಸಿದಿ ಅಂತ ಕೇಳಬಾರದಿತ್ತು.
ಬಿಡಿಸೋದು ಒಂದು ದಿನದ ಕೆಲಸವೇ?
ಮೊದಲು ಬಂದದ್ದು ಹಳದಿ, ಜಿಗುಟು.
ಕೆಟ್ಟ ಹಾಲು, ಹಿಂಡಿ ಚೆಲ್ಲು ಅಂದರು.
ಎಮ್ಮೆ ಈದರೆ ವಾರ ಮೊದಲೇ ಹೇಳಿಟ್ಟು
ಗಿಣ್ಣಕ್ಕೆ ಬೆಲ್ಲ ಏಲಕ್ಕಿ ಹಾಕುವ ಅದೇ ಮಂದಿ.

ಹೊಟ್ಟೆಯ ಹೊಲಿಗೆ ಹಸಿ, ಹೊರಳಲಾಗದ ಮೂರು ರಾತ್ರಿ.
ಕೂಸು ಅತ್ತಿತು.
ಕೂಸಿಗೆ ಗೊತ್ತಿರುವುದು ಒಂದೇ ಮಾತು,
ಅತ್ತೆ ಮಾಬುಬಿ ಅದನ್ನು ಹಸಿವು ಅಂತ ಓದಿದಳು.
ಕೆಟ್ಟವಳಲ್ಲ. ಅವಳದೊಂದು ಕೂಸು ಹಿಂದೆ
ಅಳುವುದನ್ನೇ ಮರೆತು ಹೋಗಿತ್ತಂತೆ.
ಇವಳಿಗೆ ಹಾಲು ಸಾಲಲ್ಲ ಅಂದಳು.
ಆ ಮಾತು ಒಂದು ಸಲ ಕಿವಿಗೆ ಬಿದ್ದರೆ
ಎದೆಯೂ ಕೇಳಿಸಿಕೊಳ್ಳುತ್ತದೆ.

ಹತ್ತಿಯ ಬತ್ತಿ, ಸಕ್ಕರೆ ನೀರು. ಆಮೇಲೆ ಡಬ್ಬಿ,
ಎರಡು ಚಮಚ ಅಂದಲ್ಲಿ ಒಂದೇ,
ಯಾಕಂದರೆ ಡಬ್ಬಿಗೆ ಎರಡು ದಿನದ ಕೂಲಿ.
ಕೂಲಿಗೆ ಮತ್ತೆ ಭಟ್ಟಿ.
ಚಿಲ್ಲಾ ತುಂಬಲು ಇನ್ನೂ ಹತ್ತು ದಿನ ಇತ್ತು,
ಬೆಳಗಿನ ಜಾವ ಮೂರೂವರೆಗೆ
ತಲೆಗೆ ಬಟ್ಟೆ ಸುತ್ತಿ ಹೋದಳು.

'ಭತ್ತ ಅರಳುವಾಗ ಒಂದು ಸದ್ದು ಬರ್ತದಲ್ಲ ಅಕ್ಕಾ,
ಸಣ್ಣಗೆ, ಚಟಪಟ ಚಟಪಟ,
ಅದು ಕೇಳಿದರೆ ಸಾಕು, ಸೋರೋದು.
ಗೋಣಿಚೀಲದ ಮರೆಗೆ ಹೋಗಿ ಹಿಂಡಿಕೊಂಡೆ.
ಬಿಸಿ ಉಸುಕಿನ ಮೇಲೆ ಬಿತ್ತು.
ಕಲೆನೂ ಉಳೀಲಿಲ್ಲ.
ಆರು ದಿನ ಹಿಂಗೇ, ಆಮೇಲೆ ತಾನೇ ನಿಂತೋಯ್ತು.
ಸಾಲದ ಹಾಲು ಅಷ್ಟೊಂದು ಹೆಂಗೆ ಸೋರ್ತಿತ್ತು, ನೀನೇ ಹೇಳು?'

ನನ್ನ ಚೀಲದಲ್ಲಿ ಒಂದು ಪಟವಿದೆ:
ಕುರ್ಚಿ, ಬೆನ್ನಿಗೆ ದಿಂಬು, ದುಂಡು ಮುಖದ ತಾಯಿ,
ಕಿಟಕಿಯಾಚೆ ಹೂವು.
ತೆಗೆಯಲಿಲ್ಲ.
ನನ್ನ ಹೆಸರು ಹಾಲಮ್ಮ.
ನನ್ನ ಮಗನಿಗೆ ನಾನು ಕೊಟ್ಟದ್ದು ಹತ್ತೊಂಬತ್ತು ದಿನ.
ಪೋಲಿಯೋ ಸುತ್ತು ಬಂದಿತ್ತು. ಮನೆಮನೆಯ ಹೊಸ್ತಿಲಲ್ಲಿ
ಎದೆಹಾಲು ಅಮೃತ ಅಂತ ಹೇಳುತ್ತಾ
ರವಿಕೆ ನೆನೆದದ್ದು ಕಾಣದಂತೆ
ಇದೇ ರಿಜಿಸ್ಟರನ್ನು ಎದೆಗವಚಿಕೊಂಡಿದ್ದೆ.
ಆ ವರ್ಷ ನನ್ನ ಹೆಸರಿನ ಮುಂದೆ
ಹೌದು ಅಂತ ಬರೆದವಳು ನಾನೇ.

ತೂಕ ನೋಡಲು ಎತ್ತಿಕೊಂಡರೆ
ಕೂಸು ಬಾಯಿ ತೆರೆದು ನನ್ನ ಗುಲಾಬಿ ಸೀರೆಯ ಕಡೆ ತಿರುಗಿತು.
ಅವಳ ಮಡಿಲಿಗೆ ಹಾಕಿದೆ.
ಹಚ್ಚಿ ನೋಡು, ಇನ್ನೂ ಬಂದೀತು, ಅಂದೆ.

ಬಂದರೆ ಏನು ಮಾಡಲಿ ಅಕ್ಕಾ, ಅಂದಳು.
ನಾಳೆನೂ ಮೂರೂವರೆಗೇ.