ಲೇನಾ ಸೇ

ಪೋರ್ಟ್ ವೀಲಾದ ಸಂತೆಯ ಹಿಂದೆ, ಝೆರಾಕ್ಸ್ ಅಂಗಡಿಯಲ್ಲಿ,
ಒಂದು ರೆಕ್ಕೆ ಮುರಿದ ಫ್ಯಾನಿನ ಕೆಳಗೆ
ಫಾರಂ ತುಂಬುತ್ತಿದ್ದೇನೆ.
ಅಂಗಡಿಯ ಹುಡುಗ ಓದಿ ಹೇಳುತ್ತಾನೆ, ನಾನು ಉತ್ತರ ಕೊಡುತ್ತೇನೆ.
ವಯಸ್ಸು?
ಮೂವತ್ನಾಲ್ಕು.
ಯಾವ ಹಣ ಇದು?
ಮುಪ್ಪಿನದು.
ತಲೆಯೆತ್ತಿ ನನ್ನ ಕೂದಲು ನೋಡುತ್ತಾನೆ,
ಒಂದಾದರೂ ನರೆ ಸಿಕ್ಕೀತೆಂದು.

ಊರು ಹೋಗು, ಕಾಡು ಬಾ ಅನ್ನುವ ಕಾಲಕ್ಕೆಂದು
ನನ್ನ ಕೂಲಿಯ ಪಕ್ಕದಲ್ಲೇ ಯಾರೋ ಎತ್ತಿಟ್ಟದ್ದು.
ನನ್ನನ್ನು ಕೇಳಲಿಲ್ಲ. ಕೆಡುಕೂ ಮಾಡಲಿಲ್ಲ.
ಅಲ್ಲಿ ಅದಕ್ಕೆ ಸೂಪರ್ ಅನ್ನುತ್ತಾರೆ,
ಬಾಯ್ತುಂಬ, ಸಿನಿಮಾ ನೋಡಿ ಬಂದವರ ಹಾಗೆ.

ಗೇಂಡಾದ ತೋಟದಲ್ಲಿ ಮೂರು ಹಂಗಾಮು
ಮ್ಯಾಂಡರಿನ್ ಬಿಡಿಸಿದೆ.
ಆ ಹಣ್ಣನ್ನು ಕೀಳಬಾರದು, ಸಿಪ್ಪೆ ಹರಿಯುತ್ತದೆ.
ತೊಟ್ಟು ಬಿಡಬಾರದು, ಪಕ್ಕದ ಹಣ್ಣಿಗೆ ಚುಚ್ಚುತ್ತದೆ.
ಎರಡು ಸಲ ಕತ್ತರಿ:
ಮರದಿಂದ ಬಿಡಿಸಲು ಒಮ್ಮೆ,
ಮರದ ನೆನಪನ್ನು ಸವರಲು ಇನ್ನೊಮ್ಮೆ.
ಸಂಜೆ ಹೆಬ್ಬೆರಳು ಮಡಚುತ್ತಿರಲಿಲ್ಲ.
ಕೊಠಡಿಯ ಆರು ಹೆಂಗಸರು
ಒಬ್ಬರ ಬೆರಳನ್ನೊಬ್ಬರು ನೀವುತ್ತಿದ್ದೆವು,
ಹಿಟ್ಟು ನಾದುವವರಂತೆ, ಮಾತಿಲ್ಲದೆ.

ಈಗ ಕಾನೂನು ಹೇಳುತ್ತದೆ:
ನೀನು ಹೊರಟಿರಬೇಕು, ನಿನ್ನ ವೀಸಾ ಸತ್ತಿರಬೇಕು,
ಆಮೇಲೆ ಕೇಳು.
ಹೊರಟಿದ್ದೇನೆ. ಸತ್ತಿದೆ.
ಪಾಸ್‌ಪೋರ್ಟಿನ ಮುಖ ನನ್ನದೇ ಎಂದು
ಅಧಿಕಾರಿ ಎರಡು ಮುದ್ರೆ ಒತ್ತಿದ,
ಒಂದು ಓರೆಯಾಗಿ ನನ್ನ ಗಲ್ಲದ ಮೇಲೆ.

ಏಳು ವಾರಕ್ಕೆ ಬಂತು.
ನೂರಕ್ಕೆ ಮೂವತ್ತೈದು ಅವರಿಟ್ಟುಕೊಂಡರು,
ಮಿಕ್ಕದ್ದರಲ್ಲಿ ಬ್ಯಾಂಕು ಒಂದು ಚೂರು ಕಚ್ಚಿತು.
ಹಣಕ್ಕೂ ಎರಡು ಕತ್ತರಿ, ಇರಲಿ.
ಟೊಂಗೋವಾದಿಂದ ಅಮ್ಮನನ್ನು ಹಡಗಿನಲ್ಲಿ ಕರೆಸಿ
ಹಲ್ಲು ಕಟ್ಟಿಸಿದೆ, ಮೇಲೂ ಕೆಳಗೂ.
ಮುಪ್ಪಿನ ಹಣ ಮುಪ್ಪಿಗೇ ಹೋಯಿತಲ್ಲ
ಎಂದು ನಾನು ಲೆಕ್ಕ ಒಪ್ಪಿಸಿದರೆ
ಅಮ್ಮ ಕನ್ನಡಿ ತಿರುಗಿಸಿ ಅಂದಳು:
ಯಾರೋ ಬಿಳಿ ಹೆಂಗಸಿನ ಹಲ್ಲಿನ ಹಾಗಿವೆಯಲ್ಲೇ.
ಭಾನುವಾರ ಚರ್ಚಿಗೆ ಮಾತ್ರ ಹಾಕುತ್ತಾಳೆ.
ಉಳಿದ ಆರು ದಿನ
ನೀರಿನ ಲೋಟದಲ್ಲಿ ಅವು ತಾವೇ ನಗುತ್ತಿರುತ್ತವೆ.

ಇಷ್ಟೇ ಆಗಿದ್ದರೆ ಇಂದು ಈ ಅಂಗಡಿಗೆ ಬರುತ್ತಿರಲಿಲ್ಲ.

ಮೊದಲ ಹಂಗಾಮಿನ ಮೇಸ್ತ್ರಿ
ಲೇನಾಸೇಯ್ ಎಂಬ ನನ್ನ ಹೆಸರನ್ನು
ನಾಲಿಗೆಗೆ ಸಿಕ್ಕಷ್ಟು ಬರೆದುಕೊಂಡಿದ್ದ:
ಲೇನಾ ಒಂದು ಕಡೆ, ಸೇ ಒಂದು ಕಡೆ.
ಆ ವರ್ಷದ ಹಣ ಬೇರೆ ಕಂಪನಿಯಲ್ಲಿದೆ,
ಅವಳ ಹೆಸರಿನಲ್ಲಿ.
ಫೋನು ಮಾಡಿದೆ. ಪಿಟೀಲು ಕೇಳಿಸಿದರು.
ಕರೆನ್ಸಿ ಮುಗಿಯಿತು, ಮತ್ತೆ ಹಾಕಿಸಿದೆ, ಮತ್ತೆ ಪಿಟೀಲು.
ಕೊನೆಗೊಬ್ಬಳು ತುಂಬ ಮರ್ಯಾದೆಯಿಂದ
ಜನ್ಮದಿನಾಂಕ ಕೇಳಿದಳು, ದ್ವೀಪ ಕೇಳಿದಳು,
ಎಲ್ಲ ಸರಿಯಿದೆ ಅಂದಳು.
ಆದರೆ ನೀವು ಅವರಲ್ಲ.

ಹಾಗಾದರೆ ಅವಳಿದ್ದಾಳೆ.
ನಾವು ಐದು ಜನ ವಿಮಾನ ಹತ್ತಿದಾಗ
ಲೇನಾ ಸೇ ಹತ್ತಲಿಲ್ಲ.
ಅವಳ ಮೊಣಕಾಲು ನೋಯುವುದಿಲ್ಲ,
ಊರಿಗೆ ದುಡ್ಡು ಕಳಿಸಬೇಕಿಲ್ಲ,
ವರ್ಷಕ್ಕೊಮ್ಮೆ ಶುಲ್ಕ ಅವಳಿಂದ ಒಂದಿಷ್ಟು ಕೆತ್ತುತ್ತದೆ,
ಬಡ್ಡಿ ಒಂದಿಷ್ಟು ಮೆತ್ತುತ್ತದೆ.
ಅಷ್ಟರಲ್ಲೇ ಮುದುಕಿಯಾಗುತ್ತಾಳೆ,
ನನಗಿಂತ ನಿಧಾನವಾಗಿ,
ಒಬ್ಬಳೇ, ಆ ಒಣ ಬೆಟ್ಟಗಳ ನಡುವೆ.

ಹುಡುಗ ಕೇಳುತ್ತಾನೆ: ಅರ್ಜಿದಾರರ ಹೆಸರು?
ಪೆನ್ನು ಬಾಯಲ್ಲಿಟ್ಟು ಯೋಚಿಸುತ್ತೇನೆ.
ಎರಡನೆಯ ಕತ್ತರಿ ಬೀಳದೆ ಬುಟ್ಟಿಗೆ ಬಿದ್ದ ಹಣ್ಣು ಅವಳು;
ಯಾವುದೋ ಕಡತದಲ್ಲಿ
ಪಕ್ಕದವರಿಗೆ ಚುಚ್ಚುತ್ತಿರಲಿ ತೊಟ್ಟು,
ಇನ್ನೊಂದು ವಾರ.

ಮತ್ತೊಂದು ಫಾರಂ ಕೊಡು, ಅನ್ನುತ್ತೇನೆ.
ಇದರಲ್ಲಿ ಜಾಗ ಸಾಲದು.